ರಿಪೋರ್ಟ್ ಬಂದೈತಿ, ಓದಿದವರು ಯಾರು?

ಇವತ್ತು ಸ್ವಲ್ಪ ಜಗಳ ಮಾಡುವ ಮನಸ್ಸಾಗಿದೆ. ಜಗಳ ಯಾರ ಜೊತೆ ಅಂದ್ರೆ, ನಮ್ಮದೇ ಕಸುಬಿನವರ ಜೊತೆ, ಮತ್ತೆ ನಮ್ಮ ಬಿಲ್ಲು ಪಾಸು ಮಾಡುವವರ ಜೊತೆ. ವಿಷಯ: ವೆಬ್ ತಾಣಗಳ ಭದ್ರತೆ ಪರೀಕ್ಷಿಸಿ ಕೊಡುವ ಸ್ಕ್ಯಾನ್ ರಿಪೋರ್ಟು. ನನ್ನ ವಾದ ಇಷ್ಟೇ. ಅದು ರಿಪೇರಿ ಮಾಡಬೇಕಾದ ಕೆಲಸಗಳ ಪಟ್ಟಿ. ನಾವೆಲ್ಲ ಸೇರಿ ಅದನ್ನು ಸನ್ನಡತೆಯ ಸರ್ಟಿಫಿಕೇಟ್ ಮಾಡಿಬಿಟ್ಟಿದ್ದೇವೆ. ಫೈಲಿಗೆ ಸೇರಿಸುವವರು ಬೇಕಾದಷ್ಟಿದ್ದಾರೆ, ಓದುವವರು ಇಲ್ಲ.

ಈ ಕಸುಬಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಝಾಪ್, ಬರ್ಪ್ ಅಂತ ಕೆಲವು ತಂತ್ರಾಂಶಗಳಿವೆ. ತಾಣದ ವಿಳಾಸ ಕೊಟ್ಟರೆ ಅವು ಪುಟದಿಂದ ಪುಟಕ್ಕೆ ಓಡಾಡುತ್ತವೆ, ಪ್ರತಿ ಫಾರಂನಲ್ಲೂ ತರಲೆ ಇನ್‌ಪುಟ್ ತುಂಬಿ ತಾಣ ಏನು ಉತ್ತರ ಕೊಡುತ್ತದೆ ಅಂತ ನೋಡುತ್ತವೆ. ಕೊನೆಗೆ ಗುಂಡಿ ಒತ್ತಿದರೆ ರಿಪೋರ್ಟು ರೆಡಿ. ಝಾಪ್ ತೋರಿಸುವ ಪ್ರತಿ ದೋಷಕ್ಕೂ ಎರಡು ಅಳತೆ ಇರುತ್ತದೆ. ಒಂದು ಅಪಾಯ ಎಷ್ಟು: ಹೈ, ಮೀಡಿಯಂ, ಲೋ, ಬರೀ ಮಾಹಿತಿ. ಇನ್ನೊಂದು, ಆ ದೋಷ ನಿಜವಾಗಿಯೂ ಇದೆ ಅನ್ನೋದಕ್ಕೆ ಖಾತ್ರಿ ಎಷ್ಟು. ಹೆಚ್ಚಿನವರು ಎರಡನೆಯದನ್ನು ನೋಡುವುದೇ ಇಲ್ಲ. ಅಪಾಯ ಹೈ, ಖಾತ್ರಿ ಲೋ ಅಂದರೆ "ಮನುಷ್ಯನೊಬ್ಬ ಕೂತು ಪರೀಕ್ಷಿಸಿ ನೋಡಪ್ಪಾ" ಅಂತ ಅರ್ಥ. ನೋಡುವ ಮನುಷ್ಯ ಯಾರು ಅನ್ನೋದೇ ಪ್ರಶ್ನೆ.

ಈಗ ಕಸುಬಿನ ಗುಟ್ಟುಗಳನ್ನು ಹೊರಗೆ ಹಾಕುತ್ತೇನೆ, ಸಿಟ್ಟಾಗುವವರು ಆಗಲಿ. "ಹೈ ಸೊನ್ನೆ" ಅಂತ ರಿಪೋರ್ಟು ತರಿಸುವುದು ಬಹಳ ಸುಲಭ. ಮೊದಲ ದಾರಿ: ಲಾಗಿನ್ ಕೊಡದೇ ಸ್ಕ್ಯಾನ್ ಮಾಡುವುದು. ಆಗ ತಂತ್ರಾಂಶ ಲಾಗಿನ್ ಪುಟದ ಹೊರಗೇ ನಿಂತು, ಬಾಗಿಲಿನ ಬಣ್ಣ ಚೆನ್ನಾಗಿದೆ ಅಂತ ಬರೆದುಕೊಟ್ಟು ಬರುತ್ತದೆ. ಒಳಗಿನ ಕೋಣೆಗಳನ್ನು ನೋಡಿಯೇ ಇರುವುದಿಲ್ಲ. ಎರಡನೇ ದಾರಿ: ಝಾಪ್‌ನ ಬೇಸ್‌ಲೈನ್ ಸ್ಕ್ಯಾನ್ ಓಡಿಸಿ ಅದನ್ನೇ ಪೂರ್ತಿ ಪರೀಕ್ಷೆ ಅನ್ನುವುದು. ಅದು ಹೇಳದಿದ್ದರೆ ಒಂದೇ ನಿಮಿಷ ತಾಣ ಸುತ್ತಿ, ಬಂದ ಉತ್ತರಗಳನ್ನು ಮಾತ್ರ ಗಮನಿಸುತ್ತದೆ. ದಾಳಿ ಮಾಡಿ ನೋಡುವುದೇ ಇಲ್ಲ, ಹಾಗಾಗಿ ಎಸ್‌ಕ್ಯುಎಲ್ ಇಂಜೆಕ್ಷನ್ ಅದಕ್ಕೆ ಸಿಗುವ ಮಾತೇ ಇಲ್ಲ. ಮೂರನೇ ದಾರಿ: ಕಾಟ ಕೊಡುವ ದೋಷಕ್ಕೆ "ಸುಳ್ಳು ಎಚ್ಚರಿಕೆ" ಅಂತ ಗುರುತು ಹಾಕಿ ಪಟ್ಟಿಯಿಂದ ಕೆಳಗಿಳಿಸುವುದು. ಇದಕ್ಕೆಲ್ಲ ಹ್ಯಾಕರ್ ಆಗಬೇಕಿಲ್ಲ, ನಾಚಿಕೆ ಬಿಟ್ಟರೆ ಸಾಕು :-)

ನಮ್ಮ ಕಡೆಯದೇ ಒಂದು ಸಣ್ಣ ಸಂಸ್ಥೆಯವರು (ಹೆಸರು ಬೇಡ) ಒಮ್ಮೆ ನನಗೆ ಫೋನ್ ಮಾಡಿದ್ದರು. "ನೋಡ್ರಿ ಸರ, ರಿಪೋರ್ಟ್‌ನ್ಯಾಗ ಹೈ ಅನ್ನೋದು ಒಂದೂ ಇರಬಾರ್ದು. ಇದ್ರ ನಮ್ಮ ಬಿಲ್ ಪಾಸ್ ಆಗಂಗಿಲ್ಲ." ನಾನು, "ತಾಣದಾಗ ಇದ್ರ ರಿಪೋರ್ಟ್‌ನ್ಯಾಗೂ ಇರತೈತ್ರಿ" ಅಂದೆ. ಅವರು ಇನ್ನೊಬ್ಬರನ್ನು ಹುಡುಕಿಕೊಂಡರು. ನಾಲ್ಕೇ ದಿನಕ್ಕೆ ಹೈ ಸೊನ್ನೆ ರಿಪೋರ್ಟು ಬಂತಂತೆ. ತಾಣದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಇದು ಬೆಂಗಳೂರಿನ ಕಂಪನಿಗಳ ತಲೆನೋವು, ಹಾವೇರಿ ಜಿಲ್ಲೆಗೇನು ಸಂಬಂಧ ಅನ್ನಬೇಡಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯನ್ನೇ ತಗೊಳ್ಳಿ. ಸೋಮವಾರ, ಗುರುವಾರ ಅಲ್ಲಿ ವ್ಯಾಪಾರ. ಹಿಂದೆ ಖರೀದಿದಾರರು ಧಾರಣೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಪೆಟ್ಟಿಗೆಗೆ ಬೀಗ ಇದೆಯೋ ಇಲ್ಲವೋ ರೈತ ಕಣ್ಣಾರೆ ನೋಡಬಹುದಿತ್ತು. ಈಗ ಇ-ಟೆಂಡರ್. ಕಡ್ಡಿಯಾಗಲಿ ಡಬ್ಬಿಯಾಗಲಿ, ಪ್ರತಿ ಲಾಟಿಗೂ ಧಾರಣೆ ಕಂಪ್ಯೂಟರಿನಲ್ಲಿ. ಬೀಗ ಇರುವುದು ತಂತ್ರಾಂಶದ ಒಳಗೆ, ರೈತನ ಕಣ್ಣಿಗೆ ಕಾಣುವುದಿಲ್ಲ.

2024ರ ಮಾರ್ಚ್ 11ರ ಸೋಮವಾರ ನೆನಪಿದೆಯಲ್ಲ? ಧಾರಣೆ ಒಮ್ಮೆಲೇ ಕುಸಿಯಿತು ಅಂತ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದು ತಂತ್ರಾಂಶದ ದೋಷದಿಂದ ಆಯಿತು ಅಂತ ನಾನು ಹೇಳುತ್ತಿಲ್ಲ. ತೆರೆಯ ಮೇಲೆ ಕಾಣುವ ಒಂದು ಅಂಕಿಯ ಹಿಂದೆ ಒಂದು ವರ್ಷದ ದುಡಿಮೆ, ಸಾಲ, ಮಗಳ ಮದುವೆ ಎಲ್ಲಾ ಇರುತ್ತದೆ ಅಂತ ಹೇಳುತ್ತಿದ್ದೇನೆ. ಆ ಅಂಕಿಯನ್ನು ಕಾಯುವ ತಾಣದ ರಿಪೋರ್ಟನ್ನು ಓದದೇ ಫೈಲಿಗೆ ಹಾಕುವುದು ಹೇಗೆ ಸರಿ?

ಇನ್ನೊಂದು ವಿಷಯ. ಇಂಥ ತಾಣಗಳಲ್ಲಿ ನಿಜಕ್ಕೂ ಹೆದರಬೇಕಾದ ದೋಷವನ್ನು ಸ್ಕ್ಯಾನರ್ ಹಿಡಿಯುವುದೇ ಕಷ್ಟ. ಟೆಂಡರ್ ತಾಣ ಒಂದಿದೆ ಅಂದುಕೊಳ್ಳಿ. ವಿಳಾಸದಲ್ಲಿ ಲಾಟ್ ಸಂಖ್ಯೆ 1045 ಇರುವ ಕಡೆ 1046 ಅಂತ ತಿದ್ದಿದರೆ ಇನ್ನೊಬ್ಬ ಖರೀದಿದಾರ ಬರೆದ ಧಾರಣೆ ಕಂಡುಬಿಟ್ಟರೆ? ಸ್ಕ್ಯಾನರ್‌ಗೆ ಅದು ಚೆನ್ನಾಗಿ ತೆರೆದುಕೊಂಡ ಮತ್ತೊಂದು ಪುಟ, ಅಷ್ಟೇ. ಆ ಅಂಕಿ ಯಾರು ನೋಡಬೇಕು, ಯಾರು ನೋಡಬಾರದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಅಡತಿ ಅಂಗಡಿಯ ಗುಮಾಸ್ತನಿಗೆ ಗೊತ್ತು. ಓವಾಸ್ಪ್‌ನವರ ಹತ್ತು ಮುಖ್ಯ ದೋಷಗಳ ಪಟ್ಟಿಯಲ್ಲಿ 2021ರಿಂದ ಮೊದಲ ಸ್ಥಾನ ಇಂಥ ಅನುಮತಿ ದೋಷಕ್ಕೇ. ಆದರೆ ನಮ್ಮ ರಿಪೋರ್ಟುಗಳ ಪುಟ ತುಂಬುವುದು ಯಾವುದೋ ಹೆಡರ್ ಇಲ್ಲ ಅನ್ನುವ ಒಂದೇ ದೂರು, ಮುನ್ನೂರು ಪುಟಕ್ಕೆ ಮುನ್ನೂರು ಸಲ. ಹೊಟ್ಟು ಜಾಸ್ತಿ, ಕಾಳು ಕಡಿಮೆ.

ದೋಷ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ, ಗುತ್ತಿಗೆದಾರರು ಇಟ್ಟಿದ್ದ ಇಎಂಡಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಯಾರ್ಯಾರದೋ ಖಾತೆಗೆ ಹೋಯಿತು. ಸಿಐಡಿಯಲ್ಲಿ ಕೇಸಾಯಿತು. 2020ರ ನವೆಂಬರಿನಲ್ಲಿ ಬೆಂಗಳೂರು ಸಿಸಿಬಿ ಡ್ರಗ್ಸ್ ಪ್ರಕರಣದಲ್ಲಿ ಒಬ್ಬ ಹ್ಯಾಕರ್ ಆರೋಪಿಯನ್ನು ಹಿಡಿದ ಮೇಲೆ ಇದೇ ದೊಡ್ಡ ರಾಜಕೀಯ ಗದ್ದಲ ಆಯಿತು. ಬಿಟ್‌ಕಾಯಿನ್ ಯಾರ ಜೇಬಿಗೆ ಹೋಯಿತು ಅಂತ ತಿಂಗಳುಗಟ್ಟಲೆ ಕೂಗಾಡಿದರು. ನನಗೆ ಬೇಕಾಗಿದ್ದ ಪ್ರಶ್ನೆಯೇ ಬೇರೆ. ಆ ಪೋರ್ಟಲ್‌ನ ಕೊನೆಯ ಭದ್ರತಾ ರಿಪೋರ್ಟಿನಲ್ಲಿ ಏನಿತ್ತು? ಅದನ್ನು ಓದಿ ಸಹಿ ಮಾಡಿದವರು ಯಾರು? ಈಗ ಆ ಜಾಗಕ್ಕೆ ಕೆಪಿಪಿಪಿ ಎಂಬ ಹೊಸ ಪೋರ್ಟಲ್ ಬಂದಿದೆ. ಪ್ರಶ್ನೆ ಮಾತ್ರ ಹಳೆಯದೇ ಉಳಿದಿದೆ.

"ಸರ್ಟ್-ಇನ್ ಪಟ್ಟಿಯಲ್ಲಿರುವ ಆಡಿಟರ್ ಸರ್ಟಿಫಿಕೇಟ್ ಕೊಟ್ಟಿದ್ದಾರಲ್ಲ, ಇನ್ನೇನು?" ಅಂತ ಕೇಳುವವರಿದ್ದಾರೆ. ಅವರಿಗೆ ರಾಣೇಬೆನ್ನೂರಿಗೆ ಬನ್ನಿ ಅನ್ನುತ್ತೇನೆ. ಬೀಜದ ವ್ಯಾಪಾರದ ಊರು ಅದು. ಪ್ರಮಾಣಿತ ಬೀಜದ ಚೀಲದ ಚೀಟಿಯಲ್ಲಿ ಮೊಳಕೆ ಶೇಕಡಾ ಎಷ್ಟು, ಪರೀಕ್ಷೆ ಮಾಡಿದ ದಿನ ಯಾವುದು, ಎಲ್ಲಿಯವರೆಗೆ ಊರ್ಜಿತ ಅಂತ ಬರೆದಿರಲೇಬೇಕು. ಅವಧಿ ಮುಗಿದರೆ ಮತ್ತೆ ಪರೀಕ್ಷೆ. ತಾಣವೂ ಹಾಗೇ. ಸರ್ಟಿಫಿಕೇಟ್ ಬಂದ ಮರುದಿನ ಒಬ್ಬ ಡೆವಲಪರ್ ಹೊಸ ಪುಟ ಸೇರಿಸಿದರೆ ಆ ಪುಟಕ್ಕೆ ಸರ್ಟಿಫಿಕೇಟ್ ಇಲ್ಲ. ಚೀಟಿ ಓದದೇ ಬೀಜ ಕೊಳ್ಳದ ನಮ್ಮ ರೈತನ ಅರ್ಧ ಜಾಣತನ ನಮ್ಮ ಕಚೇರಿಗಳಿಗೆ ಬಂದಿದ್ದರೂ ಸಾಕಿತ್ತು.

"ದುಡ್ಡಿಲ್ರಿ" ಅನ್ನುವುದು ಇನ್ನೊಂದು ನೆಪ. ಝಾಪ್ ಉಚಿತ, 2010ರಿಂದಲೂ ಉಚಿತ. ದುಡ್ಡು ಬೇಕಾಗಿರುವುದು ಓದುವ ಮನುಷ್ಯನಿಗೆ. ಅಲ್ಲೇ ಜಿಪುಣತನ ಮಾಡುತ್ತೇವೆ.

ಹಾಗಾದರೆ ಏನು ಕೇಳಬೇಕು? ರಿಪೋರ್ಟು ಕೈಗೆ ಬಂದ ಯಾರೇ ಆಗಲಿ, ಕಂಪ್ಯೂಟರ್ ಗೊತ್ತಿಲ್ಲದಿದ್ದರೂ, ಇಷ್ಟನ್ನು ಕೇಳಬಹುದು:

1. ಯಾವ ದಿನ, ಯಾವ ವಿಳಾಸದ ಮೇಲೆ ಸ್ಕ್ಯಾನ್ ಮಾಡಿದಿರಿ? ನಿಜವಾದ ತಾಣವೋ, ಪರೀಕ್ಷೆಗೆ ಇಟ್ಟ ನಕಲೋ?
2. ಲಾಗಿನ್ ಆಗಿ ಮಾಡಿದಿರಾ? ಯಾವ ಯಾವ ಪಾತ್ರದಲ್ಲಿ: ರೈತ, ವರ್ತಕ, ಅಧಿಕಾರಿ?
3. ಸುಳ್ಳು ಎಚ್ಚರಿಕೆ ಅಂತ ತೆಗೆದದ್ದು ಯಾವುದು, ಯಾಕೆ?
4. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುತ್ತದೆಯೇ ಅಂತ ಕೈಯಾರೆ ನೋಡಿದಿರಾ?
5. ರಿಪೇರಿ ಆದ ಮೇಲೆ ಮತ್ತೆ ಪರೀಕ್ಷಿಸಿದಿರಾ?

ಇದರ ಉತ್ತರಗಳು ಕನ್ನಡದಲ್ಲಿ, ಒಂದೇ ಪುಟದಲ್ಲಿ, ರಿಪೋರ್ಟಿನ ಮೇಲೆ ಇರಬೇಕು. ಸಹಿ ಮಾಡುವವರಿಗೆ ಅರ್ಥವಾಗದ ನೂರೈವತ್ತು ಪುಟದ ಇಂಗ್ಲಿಷ್ ಪಿಡಿಎಫ್ ಯಾರನ್ನೂ ಕಾಯುವುದಿಲ್ಲ.

ಉತ್ಸಾಹಿ ಗೆಳೆಯರಿಗೊಂದು ಎಚ್ಚರಿಕೆ: ಇದನ್ನೋದಿ ಯಾವುದೋ ತಾಣದ ಮೇಲೆ ಸ್ಕ್ಯಾನರ್ ಬಿಡಬೇಡಿ. ಅನುಮತಿ ಇಲ್ಲದೆ ಮಾಡಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ನಿಮ್ಮನ್ನೇ ಹುಡುಕಿಕೊಂಡು ಬರಬಹುದು. ಅನುಮತಿ ಇದ್ದರೂ ಸಂತೆಯ ದಿನ ಓಡಿಸಬೇಡಿ, ಸ್ಕ್ಯಾನರ್ ತುಂಬುವ ಕಸ ನಿಜವಾದ ದತ್ತಾಂಶದ ಜೊತೆ ಸೇರಿಕೊಳ್ಳುತ್ತದೆ.

ನಮ್ಮ ಕಸುಬಿನವರಿಗೆ ಕೊನೆಯದಾಗಿ: ಹೈ ಇದ್ದರೆ ಹೈ ಅಂತಲೇ ಬರೆಯಿರಿ. ಬಿಲ್ಲು ಒಂದು ತಿಂಗಳು ತಡವಾದೀತು. ಅಷ್ಟರಲ್ಲಿ ಯಾರೋ ಒಬ್ಬರು ಅದನ್ನು ಓದಿಯಾರು.