ಸೂಜಿಗೆ ಮುನ್ನಿನ ಮಾತು

ಕೀಲ್ಪಾಕಿನ ಬೀದಿಗಳಲ್ಲಿ ಬೆಳಗಿನ ಹೊತ್ತು ಹಾಲಿನವರ ಜೊತೆಗೆ ಈಗ ರಕ್ತ ಸಂಗ್ರಹಿಸುವವರೂ ಓಡಾಡುತ್ತಾರೆ. ಮಕ್ಕಳ ಮನೆಗೆ ಬಂದು ನೆಲೆಸಿದ ಮೈಸೂರು, ಧಾರವಾಡ, ಉಡುಪಿ ಕಡೆಯ ಹಿರಿಯರಿಗೆ ಇದು ದೊಡ್ಡ ಅನುಕೂಲ. ಬರಿಹೊಟ್ಟೆಯಲ್ಲಿ ಪೂನಮಲ್ಲಿ ಹೈರೋಡಿನ ವಾಹನಗಳ ನಡುವೆ ಸಾಗುವ ಕಷ್ಟ ತಪ್ಪಿತು. ಆದರೆ ಐದು ನಿಮಿಷದಲ್ಲಿ ಮುಗಿಯುವ ಈ ಕೆಲಸದಲ್ಲಿ ಮಾತು ತೀರ ಕಡಿಮೆಯಾಗಿದೆ. ಪರೀಕ್ಷೆಯ ನಿಖರತೆ ಬಹುಮಟ್ಟಿಗೆ ನಿಂತಿರುವುದು ಆ ಮಾತಿನ ಮೇಲೆಯೇ ಎಂಬುದು ನಮ್ಮ ವಾದ.

ಲ್ಯಾಬನ್ನು ಆರಿಸುವಾಗ ನಾವು ವಿಚಾರಿಸುವುದು ಯಂತ್ರವನ್ನು, ಹೆಸರನ್ನು, ರಿಯಾಯಿತಿಯನ್ನು. ಇಟಲಿಯ ಪಡುವಾದ ಆಸ್ಪತ್ರೆಯೊಂದರ ತುರ್ತು ಪ್ರಯೋಗಾಲಯದ ತಪ್ಪುಗಳನ್ನು ಎಣಿಸಿ ಪ್ಲೆಬಾನಿ ಮತ್ತು ಕರ್ರಾರೋ 1997ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಚಿತ್ರ ಕೊಡುತ್ತದೆ: ಶೇ. 68ರಷ್ಟು ತಪ್ಪುಗಳು ರಕ್ತ ಯಂತ್ರವನ್ನು ಮುಟ್ಟುವ ಮೊದಲೇ ಆಗಿದ್ದವು. ಪರೀಕ್ಷಿಸುವ ಹಂತದ ಪಾಲು ಶೇ. 13ರಷ್ಟು ಮಾತ್ರ. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೇಶದ ಲ್ಯಾಬುಗಳಿಗೆ ಒಂದೇ ಬಗೆಯ ಮಾದರಿಗಳನ್ನು ಕಳಿಸಿ ಅವುಗಳ ಫಲಿತಾಂಶಗಳನ್ನು ಹೋಲಿಸಿ ನೋಡುತ್ತದೆ. ಬಹಳ ಉಪಯುಕ್ತವಾದ ಏರ್ಪಾಡು. ಆದರೂ ಸಿದ್ಧಪಡಿಸಿ ಕಳಿಸಿದ ಮಾದರಿ ಯಂತ್ರವನ್ನು ಒರೆಗೆ ಹಚ್ಚೀತೇ ಹೊರತು, ಕೀಲ್ಪಾಕಿನ ಮೂರನೆಯ ಮಹಡಿಯಲ್ಲಿ ಅಜ್ಜಿಯೊಬ್ಬರ ತೋಳಿನಿಂದ ರಕ್ತ ತೆಗೆದ ಬಗೆಯನ್ನಲ್ಲ.

ಬಂದವರು ‘ವೆರುಂ ವಯಿರಾ?’ ಎನ್ನುತ್ತಾರೆ, ಹಿರಿಯರು ತಲೆಯಾಡಿಸುತ್ತಾರೆ. ತಮಿಳು ಅರ್ಥವಾದರೂ ತೊಡಕು ತೀರದು. ಕಾಫಿಯನ್ನು ಆಹಾರವೆಂದು ಒಪ್ಪುವ ಮನೆಗಳು ನಮ್ಮಲ್ಲಿ ಕಡಿಮೆ; ಸಕ್ಕರೆ ಹಾಕದಿದ್ದರಂತೂ ಅದು ಉಪವಾಸಕ್ಕೇ ಸೇರಿದ್ದು! ಇದಕ್ಕೆ ತದ್ವಿರುದ್ಧವಾಗಿ, ಏಕಾದಶಿಯ ನಿರ್ಜಲ ಉಪವಾಸ ಮುಗಿಸಿ, ಹೇಗೂ ಬರಿಹೊಟ್ಟೆಯೇ ಎಂದು ದ್ವಾದಶಿಯ ಬೆಳಗ್ಗೆ ತೋಳು ಚಾಚುವವರೂ ಇದ್ದಾರೆ. ಸಕ್ಕರೆಯ ಪರೀಕ್ಷೆಗೆ ಎಂಟು ಗಂಟೆ ಸಾಕು; ನೀರು ಧಾರಾಳವಾಗಿ ಕುಡಿಯಬಹುದು, ಕುಡಿದರೆ ರಕ್ತನಾಳವೂ ಸುಲಭವಾಗಿ ಸಿಗುತ್ತದೆ. ಇನ್ನು ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯ ವಿಷಯವನ್ನು ಕೇಳುವವರು ಯಾರು? ಅದು ಕೆಲವು ವಿಧಾನಗಳ ಥೈರಾಯ್ಡ್ ಪರೀಕ್ಷೆಯನ್ನು ದಾರಿ ತಪ್ಪಿಸಿ, ಇಲ್ಲದ ರೋಗವನ್ನು ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿಯೇ ಈ ಎಚ್ಚರಿಕೆ ಕೊಟ್ಟಿದ್ದರು.

ತೆಗೆದ ರಕ್ತವೂ ಸುಮ್ಮನಿರುವುದಿಲ್ಲ. ಟ್ಯೂಬಿನೊಳಗೂ ಜೀವಕೋಶಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಪ್ರತ್ಯೇಕಿಸದ ರಕ್ತದಲ್ಲಿ ಅದು ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ, ಸೆಕೆ ಹೆಚ್ಚಿದಷ್ಟೂ ವೇಗವಾಗಿ. ಉಪವಾಸದ ಸಕ್ಕರೆ 126ನ್ನು ಮುಟ್ಟಿದರೆ ಮಧುಮೇಹದ ಲಕ್ಷಣ. 130 ಇದ್ದ ರಕ್ತ ಒಂದು ಗಂಟೆ ಕಾದರೆ ಆ ಗೆರೆಯ ಕೆಳಕ್ಕೆ ಜಾರಬಹುದು. ಬೂದುಬಣ್ಣದ ಮುಚ್ಚಳದ ಟ್ಯೂಬಿನಲ್ಲಿರುವ ಫ್ಲೋರೈಡ್ ಇದನ್ನು ತಡೆಯುತ್ತದೆ, ಆದರೆ ತಕ್ಷಣವಲ್ಲ. ಮೊದಲ ಗಂಟೆಯ ಇಳಿತ ನಡೆದೇ ನಡೆಯುತ್ತದೆ. ಹಾಗಾದರೆ ಎಲ್ಲವನ್ನೂ ಐಸಿನಲ್ಲಿಟ್ಟರಾಯಿತಲ್ಲ ಎಂದರೆ, ಪ್ರತ್ಯೇಕಿಸದ ರಕ್ತ ತಣ್ಣಗಾದಾಗ ಕೋಶಗಳಿಂದ ಪೊಟ್ಯಾಸಿಯಂ ಹೊರಸೋರಿ ಅದರ ಅಂಕಿ ಏರುತ್ತದೆ. ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಟ್ಟು ಮತ್ತೆ ಮತ್ತೆ ಮುಷ್ಟಿ ಹಿಡಿಸಿದರೂ, ಸಿರಿಂಜಿನಿಂದ ರಭಸವಾಗಿ ಟ್ಯೂಬಿಗೆ ಚಿಮ್ಮಿಸಿದರೂ ಆಗುವುದು ಅದೇ. ನೇರಳೆ ಮುಚ್ಚಳದ ಟ್ಯೂಬಿನ ರಕ್ತವನ್ನು ‘ಸ್ವಲ್ಪ ಕಡಿಮೆಯಾಯಿತು’ ಎಂದು ಇನ್ನೊಂದಕ್ಕೆ ಸುರಿದರಂತೂ ಪೊಟ್ಯಾಸಿಯಂ ಹೃದಯವೈದ್ಯರನ್ನು ಗಾಬರಿಗೊಳಿಸುವಷ್ಟು ಏರಿ, ಕ್ಯಾಲ್ಸಿಯಂ ಪಾತಾಳಕ್ಕಿಳಿಯುತ್ತದೆ. ಇಂಥ ಅಂಕಿಗಳನ್ನು ನಂಬಿ ಔಷಧಿ ಬದಲಾದರೆ ಅದನ್ನು ನುಂಗಬೇಕಾದದ್ದು ನಮ್ಮ ಹಿರಿಯರೇ.

ಸಂಗ್ರಾಹಕರನ್ನು ದೂರುವುದು ಸುಲಭ, ಆದರೆ ಅನ್ಯಾಯ. ಒಂದು ಬೆಳಗಿನಲ್ಲಿ ಹತ್ತು ಬಾಗಿಲು ತಟ್ಟಬೇಕಾದವರಿಗೆ ಪ್ರಶ್ನೆ ಕೇಳುವ ವ್ಯವಧಾನ ಎಲ್ಲಿಯದು? ಆ ವ್ಯವಧಾನಕ್ಕೆ ಸಂಬಳ ಕೊಡಬೇಕಾದದ್ದು ಲ್ಯಾಬು; ಅದನ್ನು ಒತ್ತಾಯಿಸಿ ಕೇಳಬೇಕಾದವರು ಗಿರಾಕಿಗಳಾದ ನಾವು. ಕೊನೆಯದಾಗಿ ಏನು ತಿಂದಿರಿ, ಯಾವಾಗ, ಯಾವ ಯಾವ ಮಾತ್ರೆ ನುಂಗುತ್ತೀರಿ ಎಂಬ ಮೂರು ಪ್ರಶ್ನೆಗಳು ಕನ್ನಡದಲ್ಲಿಯೂ ಅಚ್ಚಾಗಿರಲಿ. ಅಲ್ಲಿಯವರೆಗೆ ಮನೆಯ ಕಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಭಾಷಾಂತರಿಸಲಿ. ಟ್ಯೂಬಿನ ಮೇಲೆ ಹೆಸರು ಬರೆಯುವುದು ಹಾಸಿಗೆಯ ಬಳಿಯೇ ಆಗಲಿ. ದಂಪತಿಗಳಿಬ್ಬರ ರಕ್ತವನ್ನೂ ಒಟ್ಟಿಗೆ ತೆಗೆದು ಕೆಳಗೆ ಹೋಗಿ ಚೀಟಿ ಅಂಟಿಸುವುದನ್ನು ಯಾರೂ ಒಪ್ಪಬಾರದು. ಅನೇಕ ಲ್ಯಾಬುಗಳ ರಿಪೋರ್ಟಿನ ತಲೆಯಲ್ಲಿ ರಕ್ತ ತೆಗೆದ ವೇಳೆ, ಲ್ಯಾಬು ಸೇರಿದ ವೇಳೆ ಎರಡೂ ಸಣ್ಣ ಅಕ್ಷರಗಳಲ್ಲಿರುತ್ತವೆ. ದಪ್ಪಕ್ಷರದ ಅಂಕಿಗಳಿಗೆ ಗಾಬರಿಯಾಗುವ ಮುನ್ನ ಅವೆರಡರ ನಡುವಿನ ಅಂತರವನ್ನು ಓದಿ, ಅದು ಮೂರು ಗಂಟೆಯಾಗಿದ್ದರೆ ವೈದ್ಯರಿಗೆ ತೋರಿಸಿ, ಮರುಪರೀಕ್ಷೆ ಬೇಕೇ ಎಂದು ಕೇಳಬಹುದು.