ತಾಳ ಮೊದಲು, ಮುದ್ರಣ ಆಮೇಲೆ

ಕಳೆದ ಕ್ರಿಸ್ಮಸ್ ಸಿದ್ಧತೆಯ ದಿನಗಳಲ್ಲಿ ಹಿಪ್ಪರಗಿಯ ಮನೆಯೊಂದರಲ್ಲಿ ನಾವು ಕಂಡ ಪ್ರಸಂಗವನ್ನು ಓದುಗರ ಮುಂದಿಡಬಯಸುತ್ತೇವೆ. ಗಾಯನ ವೃಂದದ ತರುಣರು ಡಿಜಿಟಲ್ ಕೀಬೋರ್ಡಿನ ಸಿದ್ಧ ತಾಳವೊಂದನ್ನು ಆರಿಸಿ, ಭಕ್ತಿಗೀತೆಯ ಹಿನ್ನೆಲೆಯನ್ನು ಅದರಲ್ಲೇ ಮುದ್ರಿಸಿಕೊಂಡು ಬಂದಿದ್ದರು. ಗುಂಡಿ ಒತ್ತಿದೊಡನೆ ವಾದ್ಯ ತಾನಾಗಿ ನುಡಿಯಿತು. ಜೊತೆಗೆ ಹಾಡಲಾರಂಭಿಸಿದ ತಾಯಂದಿರು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಮೌನವಾದರು. ಓಟ ಹೆಚ್ಚಾಯಿತೆಂದು ಭಾವಿಸಿದ ತರುಣರು ಅದನ್ನು 120ರಿಂದ 96ಕ್ಕೆ ಇಳಿಸಿದರು. ಆಗಲೂ ಹಾಡು ಕೂಡಿಬರಲಿಲ್ಲ.

ದೋಷ ತಾಳದಲ್ಲಿತ್ತು. ತಾಯಂದಿರದು ದಾದರಾದ ಆರು ಮಾತ್ರೆಗಳ ನಡೆ. ಯಂತ್ರದ್ದು ನಾಲ್ಕರ ಲೆಕ್ಕ. ಇವೆರಡೂ ಸಮದಲ್ಲಿ ಕೂಡುವುದು ಹನ್ನೆರಡು ಮಾತ್ರೆಗಳಿಗೊಮ್ಮೆ ಮಾತ್ರ. ನಡುವೆಲ್ಲ ಡ್ರಮ್ಮಿನ ಪೆಟ್ಟು ಮೆಲ್ಲಗೆ ನುಡಿಯಬೇಕಾದ ಅಕ್ಷರದ ಮೇಲೆ ಬೀಳುತ್ತಿತ್ತು.

ಹಳೆಯ ಟೇಪ್ ರೆಕಾರ್ಡರಿನಲ್ಲಿ ಓಟ ಹೆಚ್ಚಿಸಿದರೆ ಶ್ರುತಿಯೂ ಏರುತ್ತಿತ್ತು. ಕೀಬೋರ್ಡು ಹಾಗಲ್ಲ. ಯಾವ ಕೀಯನ್ನು ಯಾವ ಕ್ಷಣದಲ್ಲಿ ಎಷ್ಟು ಬಲದಿಂದ ಒತ್ತಲಾಯಿತೆಂಬುದನ್ನಷ್ಟೇ ಅದು ಬರೆದಿಟ್ಟುಕೊಳ್ಳುತ್ತದೆ. (ಸದ್ದನ್ನೇ ಮುದ್ರಿಸುವ ಕೀಬೋರ್ಡುಗಳ ಮಾತು ಬೇರೆ.) ಆದ್ದರಿಂದ ಕಠಿಣ ಭಾಗವನ್ನು 70ರ ಗತಿಯಲ್ಲಿ ನುಡಿಸಿ, ಆಮೇಲೆ 96ಕ್ಕೆ ಏರಿಸಿದರೂ ಶ್ರುತಿ ಕೆಡದು. ತಾಳದ ಲೆಕ್ಕವನ್ನಾದರೋ, ಅಂದರೆ ಪರದೆಯ ಮೇಲಿನ 'ಟೈಮ್ ಸಿಗ್ನೇಚರ್' ಅನ್ನು, ಮುದ್ರಣಕ್ಕೆ ಮೊದಲೇ ನಿಶ್ಚಯಿಸಬೇಕು. ಅನೇಕ ಕೀಬೋರ್ಡುಗಳಲ್ಲಿ ಆಮೇಲೆ ಅದನ್ನು ಬದಲಿಸುವ ಅವಕಾಶವೇ ಇಲ್ಲ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ: ಲಾಳಿಯ ಓಟವನ್ನು ಹೆಚ್ಚು ಕಡಿಮೆ ಮಾಡಬಹುದು, ಹಾಸು ಹೂಡಿದ ಮೇಲೆ ಎಳೆಗಳ ಲೆಕ್ಕ ಬದಲಾಗದು.

ಹಾಗಾದರೆ ಆ ಲೆಕ್ಕವನ್ನು ಎಲ್ಲಿಂದ ಪಡೆಯಬೇಕು? ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ 11ನೆಯ ಭಾಗದಲ್ಲಿ ಸಂತ ಅಂಬ್ರೋಸರ ಗೀತೆಯೊಂದರ ಹ್ರಸ್ವ ದೀರ್ಘ ಅಕ್ಷರಗಳನ್ನು ತೂಗಿನೋಡಿ, ಕಾಲವನ್ನು ನಾವು ಅಳೆಯುವುದು ಮನಸ್ಸಿನಲ್ಲಿಯೇ ಎಂಬ ನಿರ್ಣಯಕ್ಕೆ ಬರುತ್ತಾರೆ. ಸೆಮಿನರಿಯಲ್ಲಿ ಓದುವಾಗ ನಮಗದು ಕೇವಲ ತರ್ಕವೆನಿಸಿತ್ತು. ಹಿಪ್ಪರಗಿಯಲ್ಲಿ ಅದರ ಅರ್ಥವಾಯಿತು. ಹಾಡಿನ ಅಳತೆ ಆ ತಾಯಂದಿರ ನೆನಪಿನಲ್ಲಿತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಕೀಬೋರ್ಡನ್ನೇ ದೇವಾಲಯದಿಂದ ಹೊರಗಿಡಬೇಕೆನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ನಮಗೆ ಆ ಮಾತು ಒಪ್ಪಿಗೆಯಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಧರ್ಮಪ್ರಚಾರದ ನಾಡುಗಳಲ್ಲಿ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ ವಿಧಿಸಿತು. ಆದರೆ ನುಡಿಸುವವರಿಲ್ಲದೆ ತಾನೇ ನುಡಿಯುವ ಯಂತ್ರದ ವಿಷಯ ಬೇರೆ. ಗಾಯನಕ್ಕೆ ಆಸರೆಯಾಗಿಯೂ ಅಂಥದ್ದನ್ನು ಪೂಜಾವಿಧಿಯಲ್ಲಿ ಬಳಸಕೂಡದೆಂದು 1958ರ ಸೂಚನೆ ನಿಷೇಧಿಸಿತ್ತು. ಪೂಜೆಯ ಹೊರಗೆ ಜನರಿಗೆ ಹಾಡು ಕಲಿಸಲು ಅನುಮತಿಸಿತ್ತು. ಆ ವಿವೇಕ ಇಂದಿಗೂ ಸಲ್ಲುತ್ತದೆಂಬುದು ನಮ್ಮ ಅಭಿಪ್ರಾಯ. ಮುದ್ರಣವು ಶನಿವಾರದ ಅಭ್ಯಾಸಕ್ಕಿರಲಿ. ಭಾನುವಾರದ ಬಲಿಪೂಜೆಯಲ್ಲಿ ತರುಣರೇ ಕುಳಿತು, ಹಾಡುವವರ ಉಸಿರಿಗೆ ಕಾದು ನುಡಿಸಲಿ.

ಆ ಸಂಜೆ ಕೀಬೋರ್ಡನ್ನು ನಿಲ್ಲಿಸಿ, ಚಪ್ಪಾಳೆಯೊಡನೆ ಹಾಡಿರೆಂದು ತಾಯಂದಿರನ್ನು ಕೇಳಿಕೊಂಡೆವು. ತರುಣನೊಬ್ಬ ಗಡಿಯಾರ ಹಿಡಿದು ಮಾತ್ರೆಗಳನ್ನೆಣಿಸಿದ. 15 ಸೆಕೆಂಡುಗಳಿಗೆ 30. ನಾಲ್ಕರಿಂದ ಗುಣಿಸಿದರೆ 120. ಅವರು ಮೊದಲು ಇಟ್ಟಿದ್ದ ಓಟವೇ ಸರಿಯಾಗಿತ್ತು! ಆರು ಮಾತ್ರೆಗಳ ತಾಳವನ್ನು ಆರಿಸಿ ಹೊಸದಾಗಿ ಮುದ್ರಿಸಿದರು. ತಾಯಂದಿರು ಎರಡನೆಯ ಚರಣವನ್ನು ದಾಟಿ ಕೊನೆಯವರೆಗೂ ಹಾಡಿದರು.