ಹಗೇವಿಗೆ ದೀಪದ ಸಾಕ್ಷಿ ಸಾಲದು

ಕನ್ನಡದಲ್ಲಿ ಹಗೇವು, ಮರಾಠಿಯಲ್ಲಿ ಪೇವ್. ಹೆಸರು ಯಾವುದಾದರೇನು, ಒಳಗಿನ ಕೆಟ್ಟ ಗಾಳಿ ಒಂದೇ. ದೀಪ ಇಳಿಬಿಟ್ಟು, ಉರಿದರೆ ಆಳನ್ನು ಇಳಿಸುವ ರೂಢಿಯನ್ನು ಇನ್ನಾದರೂ ಕೈಬಿಡಬೇಕು.

ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಅದು ಶೇ. 4ಕ್ಕೇರಿದರೆ ಪ್ರಾಣಕ್ಕೇ ಸಂಚಕಾರ. ದೀಪ ಆಗಲೂ ಉರಿಯುತ್ತಿರಬಹುದು! ಅವಕೆಂಪು ಸಂವೇದಕವಾದರೋ, 4.26 ಮೈಕ್ರೋಮೀಟರ್ ಅಲೆಯುದ್ದದ ಕಿರಣವನ್ನು ಈ ಅನಿಲ ಎಷ್ಟು ಹೀರಿತೆಂದು ಅಳೆದು ನೇರವಾಗಿ ಪ್ರಮಾಣ ಹೇಳುತ್ತದೆ. ಕೋಣೆಗೆಂದು ಮಾಡಿದ, 5,000 ಪಿಪಿಎಂವರೆಗಿನ ಮಾಪಕ ಇಲ್ಲಿಗೆ ಸಾಲದು, ಶೇ. 4 ಎಂದರೆ 40,000 ಪಿಪಿಎಂ. ಆಮ್ಲಜನಕದ ಮಾಪಕವೂ ಜತೆಗಿರಲಿ.

ಮಾಪಕಕ್ಕೆ ದುಡ್ಡಿಲ್ಲವೆನ್ನುವ ಧಣಿಗಳಿಗೆ ಒಂದೇ ಪ್ರಶ್ನೆ: ನಿಮ್ಮ ಮಗನನ್ನು ದೀಪ ನಂಬಿ ಇಳಿಸುವಿರಾ? ಕೂಲಿಕಾರ ಬಂಧುಗಳೇ, ಅಳೆಯದೆ ಇಳಿಯಬೇಡಿ.